ರಾಚಪ್ಪನ ಕೊನೆಯ ಗಿರಾಕಿ

ನಾನು ಒಂದು ಕನ್ನಡಿ. ಹುಬ್ಬಳ್ಳಿಯ ಗಾಜಿನಂಗಡಿಯೊಂದರಲ್ಲಿ ನನ್ನ ಬೆನ್ನಿಗೆ ಪಾದರಸ ಬಳಿದ ದಿನವೇ ನನಗೆ ಮುಖ ನೋಡುವ ಚಟ ಹತ್ತಿತು. ಗದಗಿನ ಕ್ಷೌರಿಕ ರಾಚಪ್ಪ ನನ್ನನ್ನು ಕೊಂಡು, ಸಾಗವಾನಿಯ ಚೌಕಟ್ಟು ಹಾಕಿಸಿ, ತನ್ನ ಅಂಗಡಿಯ ಗೋಡೆಗೆ ತೂಗುಹಾಕಿದ. ಮೂವತ್ತೆಂಟು ವರ್ಷ ಊರಿನ ಗಡ್ಡಗಳನ್ನೆಲ್ಲ ಕಂಡೆ. ಕಂಡದ್ದನ್ನು ಕಂಡ ಹಾಗೆ ಹೇಳುವುದು ನನ್ನ ಜಾಯಮಾನ; ಅದಕ್ಕಾಗಿ ಬೈಸಿಕೊಂಡದ್ದೂ ಉಂಟು. ರಾಚಪ್ಪನದೊಂದು ಪದ್ಧತಿಯಿತ್ತು. ಹೊಸ ಗಿರಾಕಿ ಬಂದರೆ ಚಹಾ ತರಿಸಿ, ಅವನ ಜೊತೆ ತಾನೂ ಕುಡಿದ ಮೇಲೆಯೇ ಕತ್ತರಿ ಹಿಡಿಯುತ್ತಿದ್ದ.

ಕೈ ನಡುಗತೊಡಗಿದಾಗ ಅಂಗಡಿ ಮುಚ್ಚಿ, ನನ್ನನ್ನು ಮನೆಯ ಪಡಸಾಲೆಗೆ ತಂದ. ಒಂದು ಬೆಳಿಗ್ಗೆ ನನ್ನೆದುರು ನಿಂತವನು ಗಕ್ಕನೆ ಹಿಂದೆ ಸರಿದು ಹೆಂಡತಿ ಶಿವಗಂಗವ್ವನನ್ನು ಕೂಗಿದ.

"ಯಾರಂವಾ ಮುದುಕ? ನಮ್ಮ ಮನ್ಯಾಗ ಯಾಕ ನಿಂತಾನ?"

"ಅದು ನೀವ ಅಲ್ರೀ," ಎಂದು ಆಕೆ ನಕ್ಕಳು. ರಾಚಪ್ಪ ನಗಲಿಲ್ಲ.

ಅಂದಿನಿಂದ ನಾನು ಕಳ್ಳನ ಮನೆಯಾದೆ. ಬಾಚಣಿಗೆಯನ್ನು ತಾನೇ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟು, "ಅಂವನ ಕದ್ದಾನ," ಎಂದು ನನ್ನತ್ತ ಬೆರಳು ಮಾಡುತ್ತಿದ್ದ. ಒಮ್ಮೆ ಶಿವಗಂಗವ್ವ ಕುಂಕುಮ ಇಟ್ಟುಕೊಳ್ಳುವಾಗ ಅವಳ ಹೆಗಲ ಹಿಂದೆ ಆ ಮುದುಕ ಕಂಡುಬಿಟ್ಟ. ಮುಗಿಯಿತು ಕಥೆ.

"ನೀನೂ ಅವನೂ ಕೂಡಿ ನನಗ ವಿಷಾ ಹಾಕಾಕ ಹೊಂಟೀರೇನು?" ಎಂದು ರಾಚಪ್ಪ ತಟ್ಟೆ ದೂಡಿದ.

ಇದು ಮರೆವಿನ ಕಾಯಿಲೆಯ ಕಾಟ, ವಾದಕ್ಕಿಳಿಯಬೇಡಿ, ಕನ್ನಡಿ ಮುಚ್ಚಿ ಎಂದರು ಡಾಕ್ಟರು. ಆಕೆ ನನಗೆ ಹಳೆಯ ಸೀರೆ ಹೊದಿಸಿದಳು. ಅದರಿಂದ ಇನ್ನೂ ಕೆಟ್ಟಿತು. "ಈಗ ಸೀರಿ ಹಿಂದ ಅಡಗ್ಯಾನ!" ಎರಡು ದಿನ ಅವನು ಒಂದು ತುತ್ತೂ ಮುಟ್ಟಲಿಲ್ಲ, ನಲ್ಲಿಯ ನೀರನ್ನಷ್ಟೇ ಬೊಗಸೆಯಲ್ಲಿ ಹಿಡಿದು ಕುಡಿದ. ಶಿವಗಂಗವ್ವ ಅಡುಗೆಮನೆಯಲ್ಲಿ ಅಳುವುದು ಸೀರೆಯೊಳಗಿದ್ದ ನನಗೂ ಕೇಳಿಸಿತು.

ಮೂರನೆಯ ಬೆಳಿಗ್ಗೆ ಆಕೆ ಸೀರೆ ಸರಿಸಿ, ನನ್ನೆದುರು ಕುರ್ಚಿ ಎಳೆದಳು.

"ಹೊಸ ಗಿರಾಕಿ ಬಂದಾರ್ರಿ. ಗಡ್ಡ ನೋಡ್ರಿ, ಹೆಂಗ ಬೆಳದೈತಿ."

ರಾಚಪ್ಪ ಓರೆಗಣ್ಣಿನಿಂದ ಬಹಳ ಹೊತ್ತು ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡ. "ಕುಂದರ್ರಿ," ಎಂದು ತಾನೂ ಕುಳಿತ. ಆ ಮುದುಕನೂ ಕುಳಿತ.

ಚಹಾ ಬಂತು. ಲೋಟ ಎತ್ತಿಕೊಂಡು, ಮೊದಲು ಅವನು ಕುಡಿಯಲಿ ಎಂದು ರಾಚಪ್ಪ ಕಾದ. ಒಳಗಿನವನೂ ಕಾದ. ಒಬ್ಬರನ್ನೊಬ್ಬರು ನಂಬದೆ ಇಬ್ಬರೂ ಹಾಗೇ ಕುಳಿತಿದ್ದರು. ಕೊನೆಗೆ ರಾಚಪ್ಪನೇ ಲೋಟ ತುಟಿಗೆ ತಾಗಿಸಿದ. ಅವನೂ ತಾಗಿಸಿದ್ದನ್ನು ಕಂಡು ಒಂದು ಗುಟುಕು ನುಂಗಿದ.

"ರೊಟ್ಟಿ ತಗೊಂಬಾ," ಎಂದ ಹೆಂಡತಿಗೆ, ಮೆಲ್ಲಗೆ. "ಪಾಪ, ಉಪಾಸ ಇದ್ದಂಗ ಕಾಣ್ತಾರ."

ರಾಚಪ್ಪ ಹೋಗಿ ನಾಲ್ಕು ವರ್ಷವಾಯಿತು. ನನ್ನ ಪಾದರಸ ಉದುರುತ್ತಿದೆ. ಈಗ ನನ್ನ ಜಾಗ ಹಿಂದಿನ ಕೋಣೆಯ ಮೂಲೆ. ಕಂಡದ್ದನ್ನು ಕಂಡ ಹಾಗೆ ಹೇಳಿ ನಾನು ಅವನ ಅನ್ನ ತಪ್ಪಿಸಿದೆ. ಶಿವಗಂಗವ್ವ ಒಂದು ಸುಳ್ಳು ಹೇಳಿ ಉಣಿಸಿದಳು. ಈಗಲೂ ಆಕೆ ಒಮ್ಮೊಮ್ಮೆ ಬಂದು ನನ್ನೆದುರು ನಿಂತು, ತನ್ನ ಹೆಗಲ ಹಿಂದೆ ಹುಡುಕುತ್ತಾಳೆ. ಅಲ್ಲಿ ಯಾರೂ ಇಲ್ಲವೆಂದು ತೋರಿಸಲು ನನಗೆ ನಾಚಿಕೆಯಾಗುತ್ತದೆ.