ಎಡಚನ ಕೊಯ್ತ

ನಾನು ಕಳ್ಳ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸುತ್ತಿ ಬಳಸಿ ಹೇಳುವ ತಾಪತ್ರಯ ಬೇಡ. ಕದ್ದದ್ದು ನಲವತ್ತು ಸೆಕೆಂಡು ಓಡುವ ಒಂದು ತುಂಡು ಟೇಪು. ಕದ್ದದ್ದು ಭಾವನಿಂದ, ಅಂದರೆ ನನ್ನ ಹೆಂಡತಿಯ ಅಣ್ಣನಿಂದ.

ಹಳೆಯ ಸಿನಿಮಾಗಳ ಸಂಗೀತವನ್ನು ಟೇಪಿನ ಸುರುಳಿಗಳಲ್ಲೇ ಹುಡುಕಿ ಕೂಡಿಡುವ ಹುಚ್ಚು ನಮ್ಮಿಬ್ಬರಿಗೂ. ಭಾವ ಸ್ಟುಡಿಯೋದಲ್ಲಿ ಟೇಪು ಕತ್ತರಿಸಿ ಅಂಟಿಸುವವನು, ನಾನು ರೇಡಿಯೋ ರಿಪೇರಿಯವನು. ಓರೆಯಾಗಿ ಕೊಯ್ದು ಅಂಟಿಸಿದರೆ ಜೋಡಿಸಿದ ಜಾಗದಲ್ಲಿ ಟಕ್ ಎನ್ನುವುದಿಲ್ಲ ಎಂದು ನನಗೆ ಕಲಿಸಿದವನೇ ಅವನು. ನನ್ನದು ಎಡಗೈ, ಹಾಗಾಗಿ ನನ್ನ ಓರೆ ಎಲ್ಲರದಕ್ಕಿಂತ ಉಲ್ಟಾ. "ಎಡಚ, ನಿನ್ನ ಕೊಯ್ತ ಮುನಿಸಿಕೊಂಡ ಸೊಸೆ ಥರ ಮುಖ ತಿರುಗಿಸ್ಕೊಂಡಿರುತ್ತಲ್ಲೋ!" ಎಂದು ರೇಗಿಸುತ್ತಿದ್ದ.

ಅವನ ಹತ್ತಿರ ಒಂದು ಹಳೆಯ ಸಿನಿಮಾದ ಸಂಗೀತದ ಸುರುಳಿ ಇತ್ತು. ಆ ಸಿನಿಮಾ ಗೋದಾಮಿನ ಬೆಂಕಿಯಲ್ಲಿ ಹೋಗಿ, ಉಳಿದದ್ದು ಆ ಟೇಪೊಂದೇ. ಅದರಲ್ಲಿ ಒಂದು ಕಡೆ ವಾದ್ಯಗಳೆಲ್ಲ ನಿಂತು ಒಬ್ಬ ಹೆಂಗಸು ಮಾತಿಲ್ಲದ ರಾಗವನ್ನು ಗುನುಗುತ್ತಾಳೆ. ಅವಳು ಭಾವನ ತಾಯಿ, ನನ್ನ ಅತ್ತೆ. ಕೋರಸ್ಸಿನಲ್ಲಿ ಹಿಂದಿನ ಸಾಲಿನವಳು. ನನ್ನ ಹೆಂಡತಿಗೆ ನಾಲ್ಕು ವರ್ಷವಿದ್ದಾಗಲೇ ತೀರಿಕೊಂಡಳು. ಅವಳ ದನಿ ಬೇರೆಲ್ಲೂ ಇಲ್ಲ.

ಸವೆದೀತೆಂದು ಭಾವ ಅದನ್ನು ವರ್ಷಕ್ಕೊಂದೇ ಸಲ ಕೇಳುತ್ತಿದ್ದ. ಮೂವತ್ತು ವರ್ಷದ ಹಿಂದೆ, ನಕಲು ಮಾಡಿಕೊಡು ಎಂದು ನನಗೆ ಕೊಟ್ಟ. ನನಗೋ ಅಸಲಿಯೇ ಬೇಕಾಯಿತು. ಯಾರ ಬಳಿಯೂ ಇಲ್ಲದ್ದು ನನ್ನ ಬಳಿ ಇರಬೇಕೆಂಬ ಹಾಳು ಆಸೆ! ಆ ನಲವತ್ತು ಸೆಕೆಂಡನ್ನು ಕೊಯ್ದಿಟ್ಟುಕೊಂಡು, "ಮೆಷೀನು ನುಂಗಿಬಿಡ್ತು ಭಾವ" ಎಂದೆ.

"ಹೋಗ್ಲಿ ಬಿಡೋ, ಹಳೇ ಟೇಪು ಕೊಟ್ಟಿದ್ದು ನನ್ದೇ ತಪ್ಪು" ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ.

ಅಂದಿನಿಂದ ಹಿಂದಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ದಿನಾ ಕೇಳಿದೆ. ಬಾಗಿಲಾಚೆ ಹೆಂಡತಿ ಪಾತ್ರೆ ತೊಳೆಯುತ್ತಿರುತ್ತಿದ್ದಳು.

ಈಗ ಭಾವನ ಶ್ವಾಸಕೋಶ ಕೈಕೊಟ್ಟಿತು. ಡಾಕ್ಟರು ಇನ್ನೊಂದು ವಾರ ಎಂದರು. "ಅಮ್ಮನ ದನಿ ಒಂದ್ಸಲ ಕೇಳಿಬಿಟ್ಟಿದ್ರೆ ಸಾಕಿತ್ತು" ಎಂದು ಅವನು ಮತ್ತೆ ಮತ್ತೆ ಹೇಳುತ್ತಿದ್ದ. ತಡೆಯಲಾಗದೆ ಇನ್ನೊಂದು ಸುಳ್ಳು ಹೆಣೆದೆ: ಯಾರಿಗೂ ಗೊತ್ತಿಲ್ಲದ ಇನ್ನೊಂದು ಸುರುಳಿ ಯಾರೋ ಸಂಗ್ರಾಹಕರ ಬಳಿ ಉಳಿದಿತ್ತಂತೆ, ಅದರಿಂದ ಆ ತುಂಡನ್ನು ಅಂಚೆಯಲ್ಲಿ ಕಳಿಸಿದ್ದಾರೆ ಎಂದು.

ಮಧ್ಯಾಹ್ನ ಮೆಷೀನು ಹೊತ್ತು ಅವನ ಕೋಣೆಗೆ ಹೋದೆ. ಹೆಂಡತಿ ಅಣ್ಣನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. "ಕೊಡಿಲ್ಲಿ, ನೋಡೋಣ" ಎಂದು ಭಾವ ಟೇಪಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಕಸುಬಿನವರ ಅಭ್ಯಾಸ, ಸಾಯುವಾಗಲೂ ಬಿಡುವುದಿಲ್ಲ.

ಓರೆ ಉಲ್ಟಾ ಇತ್ತು.

ತುದಿಯಲ್ಲಿ ಅರ್ಧ ಇಂಚು ನೇರಕ್ಕೆ ಕತ್ತರಿಸಿ ಎಸೆದಿದ್ದರೆ ಯಾರಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಹಿಂದಿನ ದಿನ ಬ್ಲೇಡನ್ನೂ ಹಿಡಿದಿದ್ದೆ. ಅರ್ಧ ಇಂಚು ದನಿ ಹೋಗುತ್ತದಲ್ಲ ಎಂದು ಮನಸ್ಸು ಬರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

"ಮುಖ ತಿರುಗಿಸ್ಕೊಂಡಿದೆ" ಎಂದ ಭಾವ, ಮೆಲ್ಲಗೆ.

ಆ ತಮಾಷೆಯನ್ನು ಎಷ್ಟೋ ಸಲ ಕೇಳಿದ್ದ ಹೆಂಡತಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಅಮ್ಮನ ದನಿ ನಮ್ಮನೇಲೇ ಇತ್ತಾ? ಇಷ್ಟು ವರ್ಷ ನೀವೊಬ್ರೇ ಕೇಳ್ತಿದ್ರಾ?"

ನಾನು ಹೂಂ ಎಂದೆ.

"ಜಗಳ ಆಮೇಲೆ" ಎಂದ ಭಾವ. "ಹಾಕೋ. ನಂಗೆ ಟೈಮಿಲ್ಲ."

ಹಾಕಿದೆ. ಅತ್ತೆ ಗುನುಗಿದಳು. ಒಂದೊಂದು ಏರಿಳಿತವೂ ಕೇಳಿಸಿ ನನ್ನ ಕಣ್ಣು ತುಂಬಿತು. ಟೇಪು ಮುಗಿದು ಅದರ ಬಾಲ ಪಟಪಟ ಹೊಡೆದುಕೊಳ್ಳತೊಡಗಿತು.

"ಶುರುವಾಯ್ತಾ?" ಎಂದ ಭಾವ.

ಮತ್ತೆ ಹಾಕಿದೆ. ಇಬ್ಬರೂ ಕಿವಿಗೊಟ್ಟರು. ಈ ಸಲ ಅವರ ಮುಖ ನೋಡುತ್ತಾ ನಾನೂ ಕೇಳಿದೆ. ಬರೀ ಸುಯ್ಯೆನ್ನುವ ಸದ್ದು. ಟೇಪಿನಲ್ಲಿ ದನಿ ಹಿಡಿದಿಡುವ ಕಂದು ಪುಡಿ ಮೆಷೀನಿನ ಮೇಲೆಲ್ಲ ಉದುರಿತ್ತು. ದಿನಾ ಹಾಕಿ ಹಾಕಿ ಸವೆಸಿಬಿಟ್ಟಿದ್ದೆ.

"ನಂಗೆ ಕೇಳಿಸ್ತಿತ್ತು" ಎಂದೆ. "ಬಾಯಿಪಾಠ ಆಗೋಗಿದೆ, ಅದಕ್ಕೇ ಗೊತ್ತಾಗ್ಲಿಲ್ಲ."

"ಹಾಗಾದ್ರೆ ಹಾಡಿ" ಎಂದಳು ಹೆಂಡತಿ.

"ಬೇಡ ಕಣೇ..."

"ಹಾಡಿ ಅಂದೆ."

ಹಾಡಿದೆ. ಅವರ ತಾಯಿಯ ರಾಗವನ್ನು ನನ್ನ ಒಡಕು ಗಂಟಲಲ್ಲಿ ಅವರಿಗೇ ಗುನುಗಿದೆ. ಅರ್ಧಕ್ಕೇ ಭಾವ ಗೋಡೆಯ ಕಡೆ ಮುಖ ತಿರುಗಿಸಿದ. ಹೆಂಡತಿ ಕೊನೆಯವರೆಗೂ ಕೇಳಿ, "ಇನ್ನೊಂದ್ಸಲ" ಎಂದಳು.