ಹುಳದ ನೀರು

"ಉಗಿಯೇ ರಂಡೆ! ಅದು ಹುಳದ ನೀರು!"

ತೊಟ್ಟಿಯ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಗುಡುಗಮ್ಮನ ಸೊಸೆ ಗಾಬರಿಯಲ್ಲಿ ಬಾಯಲ್ಲಿದ್ದುದನ್ನು ಗಟಕ್ಕನೆ ನುಂಗಿಬಿಟ್ಟಳು. ಮೇಸ್ತ್ರಿ ಚೊಂಬನ್ನು ಒದ್ದ. ಅದು ಠಣಠಣ ಎನ್ನುತ್ತ ಮಣ್ಣಿನ ಗುಡ್ಡೆಯ ಬುಡಕ್ಕೆ ಉರುಳಿತು.

ಬೇಲಿಯಾಚೆ ಮದ್ದಿನ ಕಾರ್ಖಾನೆ. ಬಾಂಬಿಗೆ ತುಂಬುವ ಸಿಡಿಮದ್ದು ತೊಳೆದ ನೀರನ್ನು ವರ್ಷಗಟ್ಟಲೆ ಗುಂಡಿಗೆ ಬಿಟ್ಟಿದ್ದರು. ಅದು ಮಣ್ಣಿಗಿಳಿದು, ಕೇರಿಯ ಬಾವಿಗೂ ಇಳಿದು ನೀರನ್ನು ಕೆಂಪಾಗಿಸಿತ್ತು. ಕೋರ್ಟು ಛೀಮಾರಿ ಹಾಕಿದ ಮೇಲೆ ಕಣ್ಣಿಗೆ ಕಾಣದ ಹುಳಗಳನ್ನು ತರಿಸಿದರು. ಕೆಟ್ಟ ಮಣ್ಣನ್ನು ಗುಡ್ಡೆ ಹಾಕಿ, ಸಕ್ಕರೆ ಕಾರ್ಖಾನೆಯ ಕಾಕಂಬಿ ಬೆರೆಸಿ, ಟ್ಯಾಂಕರಿನಲ್ಲಿ ತಂದು ತೊಟ್ಟಿಗೂ ತುಂಬಿಟ್ಟ ಸಿಹಿನೀರು ಚಿಮುಕಿಸಿದರೆ ಅವು ಮದ್ದಿನ ವಿಷವನ್ನೇ ತಿಂದು ಅರಗಿಸಿಕೊಳ್ಳುತ್ತವಂತೆ. ಗುಡ್ಡೆ ತಿರುವಿಹಾಕುವ ಕೆಲಸ ಕೇರಿಯ ಹೆಂಗಸರದು. ಹುಳಗಳಿಗೆ ಬಿಸಿಲು ತಾಗದಂತೆ ಟಾರ್ಪಾಲು ಕಟ್ಟಿದ್ದರು. ಹೆಂಗಸರು ಉಣ್ಣಲು ಕೂರುತ್ತಿದ್ದುದು ಬಿಸಿಲಲ್ಲಿ.

ಅತ್ತೆಗೆ ಗುಡುಗಮ್ಮ ಎಂಬ ಹೆಸರು ಬಂದದ್ದೇ ಅವಳ ಗಂಟಲಿನಿಂದ. ಅವಳು ಗುದ್ದಲಿ ಕೆಳಗಿಟ್ಟಳು.

"ಯಾಕೋ, ಬಸುರಿ ಹೆಂಗಸು ಒಂದು ಗುಟುಕು ಕುಡಿದ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?"

"ನಿಮಗೆ ಬಾವಿ ಇಲ್ವಾ?"

"ಆ ಕೆಂಪು ನೀರಾ? ಅದನ್ನೇ ಹುಳಕ್ಕೆ ಹಾಕು ಮತ್ತೆ!"

"ಹಾಕಿದ್ರೆ ಸತ್ತೋಗ್ತವೆ. ಸೂಕ್ಷ್ಮ ಜೀವ ಅವು, ವಿಷ ಜಾಸ್ತಿ ಆದ್ರೆ ತಡ್ಕೊಳಲ್ಲ. ನೀವು ಇಷ್ಟು ವರ್ಷ ಕುಡಿದಿದ್ದೀರಲ್ಲ, ಸತ್ತಿದ್ದೀರಾ?"

ಯಾರೋ ಕಿಸಕ್ಕನೆ ನಕ್ಕರು. ಸೊಸೆ ನಗಲಿಲ್ಲ. ಹಿಂದಿನ ಬಸಿರು ನಿಲ್ಲದೇ ಹೋದಾಗ ಡಾಕ್ಟರಮ್ಮ "ನೀರು ಬದಲಾಯಿಸಿ" ಎಂದಿದ್ದಳು. ಎಲ್ಲಿಂದ ತರಬೇಕೆಂದು ಹೇಳಿರಲಿಲ್ಲ.

ಅಷ್ಟರಲ್ಲಿ ಟ್ಯಾಂಕರ್ ಗೇಟಿನೊಳಗೆ ಮೂತಿ ತೂರಿಸಿತು. ಸೊಸೆ ಎದ್ದು ನಡೆದು, ಅದರ ಚಕ್ರದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

ಡ್ರೈವರ್ ತಲೆ ಹೊರಹಾಕಿದ. "ಏಳು ತಂಗಿ, ಗುಡ್ಡೆಗೆ ನೀರು ಬಿಡ್ಬೇಕು."

"ಬಿಡು ಅಣ್ಣಾ. ಮೊದಲು ನಮಗೆ."

ಗುಡುಗಮ್ಮ ಸೊಸೆಯನ್ನೊಮ್ಮೆ ನೋಡಿ, ಕೇರಿಯ ಕಡೆ ತಿರುಗಿ ಗಂಟಲು ಬಿಟ್ಟಳು. "ಬಿಂದಿಗೆ ತಗೊಂಡು ಬರ್ರೇ!" ಕಾರ್ಖಾನೆಯ ಸೈರನ್ನು ಅವಳ ಮುಂದೆ ಪೀಪಿ. ಬಿಂದಿಗೆ, ಬಕೆಟ್ಟು, ಹಳೆ ಡ್ರಮ್ಮು ಬಂದವು; ಒಬ್ಬಳಂತೂ ಮಗುವನ್ನು ಮೀಯಿಸುವ ಟಬ್ಬು ಹೊತ್ತು ಓಡಿಬಂದಳು.

ಡ್ರೈವರ್ ಮೇಸ್ತ್ರಿಯ ಮುಖ ನೋಡಿದ, ಬಸುರಿಯ ಮುಖ ನೋಡಿದ. "ಬ್ರೇಕ್ ಹಿಡ್ಕೊಂಡಿದೆ ಸ್ವಾಮಿ, ಗಾಡಿ ಮುಂದಕ್ಕೆ ಹೋಗಲ್ಲ" ಎಂದು ಕೀಲಿ ಜೇಬಿಗಿಳಿಸಿದ.

ಗುಡುಗಮ್ಮ ಟ್ಯಾಂಕರಿನ ನಲ್ಲಿ ತಿರುವಿದಳು.

"ಹುಳ ಸತ್ರೆ ಯಾರೇ ಹೊಣೆ?" ಮೇಸ್ತ್ರಿ ಚೀರಿದ.

"ಒಂದಿನ ಬಾವಿ ನೀರು ಕುಡೀಲಿ ಬಿಡು. ರೂಢಿ ಆಗುತ್ತೆ."

"ಪೊಲೀಸರನ್ನ ಕರೆಸ್ತೀನಿ!"

"ಕರೆಸಪ್ಪಾ. ಬಿಸಿಲಲ್ಲಿ ಬರ್ತಾರೆ ಪಾಪ, ಅವರಿಗೂ ಒಂದೊಂದು ಲೋಟ ಕೊಡ್ತೀವಿ."

ಸ್ವಲ್ಪ ಹೊತ್ತಿಗೆ ದೂರದಲ್ಲಿ ಜೀಪಿನ ಧೂಳೆದ್ದಿತು. ಸೊಸೆ ಕೂತಲ್ಲಿಂದ ಏಳಲಿಲ್ಲ. ತುಂಬದ ಬಿಂದಿಗೆಗಳು ಇನ್ನೂ ಸಾಲಿನಲ್ಲಿದ್ದವು.