ಪಿನ್ನಿನ ಜಾಗದಲ್ಲಿ ತಂತಿ

"ಓದಂತೂ ತಲೆಗೆ ಹತ್ತಲಿಲ್ಲ, ಸ್ಪ್ಯಾನರ್ ಆದ್ರೂ ಹಿಡೀಲಿ ಅಂತ ಇಟ್ಕೊಂಡೆ ನೋಡಿ. ಅದಕ್ಕೂ ಲಾಯಕ್ಕಿಲ್ಲ ಈ ದಂಡಪಿಂಡ!"

ಅಣ್ಣ ಎಡಗೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಬಿಸಾಡಿದ. ಹುಟ್ಟಾ ಎಡಚ, ಸಿಟ್ಟು ಬಂದರೂ ಎಡಗೈಯೇ ಮುಂದೆ. ಗ್ಯಾರೇಜಿನ ಬೆಂಚಿನ ಮೇಲಿದ್ದ ಗಿರಾಕಿಗಳು ಕಿಸಕ್ಕನೆ ನಕ್ಕರು.

"ಬಿಡಪ್ಪ, ಗಾಳಿ ಹೊಡೆಯೋಕಾದ್ರೂ ಬರುತ್ತಲ್ಲ," ಎಂದು ಲಾರಿ ಡ್ರೈವರ್ ಉರಿಯುವ ಬೆಂಕಿಗೆ ತುಪ್ಪ ಸುರಿದ.

ನಿನ್ನೆ ಇಲ್ಲಿ ರಿಪೇರಿಯಾಗಿ ಹೋದ ಅಂಚೆಯವನ ಬೈಕಿನ ಮುಂದಿನ ಗಾಲಿ ಬೆಟ್ಟದ ಮೇಲೆ ಕಳಚಿಕೊಂಡು, ಅವನು ಬಿದ್ದು ಕೈ ಮುರಿದುಕೊಂಡಿದ್ದ. ಆ ಗಾಲಿ ಜೋಡಿಸಿದ್ದು ತಮ್ಮ. ನಟ್ಟು ಸಡಿಲವಾಗದಂತೆ ಅಡ್ಡಲಾಗಿ ಪಿನ್ನು ತೂರಿಸಿ, ಅದರ ಎರಡೂ ಕಾಲು ಮಡಚಿದ್ದು ಅವನ ಬೆರಳಿಗೆ ಇನ್ನೂ ನೆನಪಿತ್ತು.

"ಅಣ್ಣಾ, ಪಿನ್ನು ಹಾಕಿದ್ದೆ."

"ಹಾಕಿದ್ರೆ ಗಾಲಿಗೇನು ದೆವ್ವ ಹಿಡೀತಾ? ಹೋಗು, ನಿನ್ನ ಘನಕಾರ್ಯ ನೀನೇ ನೋಡ್ಕೊಂಡು, ಸರಿಮಾಡಿ ಬಾ. ಆಮೇಲೆ ಹೇಳ್ತೀನಿ ನಿನ್ನ ಹಣೆಬರಹ."

ಮೊಳೆಗೆ ನೇತುಹಾಕಿದ್ದ ಕೈಗವಸು ಮರೆತೇಹೋಯಿತು. ಗ್ಯಾರೇಜಿನ ಬೈಕಿನ ಕಿಕ್ ಒದ್ದು ಹೊರಟುಬಿಟ್ಟ.

ನಾಲ್ಕು ತಿರುವು ಹತ್ತುವಷ್ಟರಲ್ಲಿ ಚಳಿ ಬೆರಳುಗಳನ್ನು ಕಚ್ಚಿತು. ಕ್ಲಚ್ಚು ಹಿಡಿದ ಕೈ ಯಾರದೋ ಕೈಯಂತಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮಂಜು ತುಂಬಿದ ಕಮರಿ. ಅವನಿಗೆ ಎರಡೂ ಕಾಣುತ್ತಿರಲಿಲ್ಲ; ಕಾಣುತ್ತಿದ್ದದ್ದು ಬೆಂಚಿನ ಮೇಲೆ ನಗುತ್ತಿದ್ದ ಹಲ್ಲುಗಳು. ಒಂದೊಂದು ತಿರುವಿಗೂ ಒಂದೊಂದು ಉತ್ತರ ಹೊಳೆಯಿತು. 'ಗ್ಯಾರೇಜು ನಡೀತಿರೋದು ಯಾರ ಬೆನ್ನ ಮೇಲೆ?' ಎಂದು ಗಾಳಿಗೆ ಎದುರಾಗಿ ಕೂಗಿದ. 'ನಿನ್ನ ಗ್ಯಾರೇಜು ನೀನೇ ಹೊತ್ಕೊಂಡು ಸಾಯಿ!' ಮುಂದಿನ ತಿರುವಿನಲ್ಲಿ ತುಟಿ ಮರಗಟ್ಟಿ ಬೈಗುಳವೂ ಹೊರಡದಾಯಿತು. ಹಿಂದಿನ ಗಾಲಿ ಜಾರಿ ಕಮರಿಯ ಕಡೆ ಸರಿದಾಗ ಕಾಲೂರಿ ನಿಂತ. ಹೆದರಿಕೆ ಆಗಲಿಲ್ಲ, ಇನ್ನಷ್ಟು ಸಿಟ್ಟು ಬಂತು.

ಅಂಚೆಯವನು ಬೆಟ್ಟದ ಮೇಲಿನ ಕಚೇರಿಯ ಜಗಲಿಯಲ್ಲಿ, ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಬೈಕು ಗೋಡೆಗೆ ಒರಗಿತ್ತು. ತಮ್ಮ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಪಿನ್ನು ಇರಲಿಲ್ಲ. ಅಚ್ಚಿನಲ್ಲಿ ಅದು ಕೂರುವ ತೂತಿನಲ್ಲಿ ತುಂಡಾದ ತಂತಿ. ಉಳಿದ ಕುಡಿ ಎಡಕ್ಕೆ ತಿರುಚಿಕೊಂಡಿತ್ತು.

"ನಿನ್ನೆ ನಾನು ಹೋದ್ಮೇಲೆ ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಬ್ರೇಕು ಕಚ್ತಿದೆ ಅಂದೆ. ನಿಮ್ಮಣ್ಣ ಇನ್ನೊಂದ್ಸಲ ಗಾಲಿ ಬಿಚ್ಚಿ ಹಾಕಿದ. ಯಾಕೆ ಮಗಾ, ಏನಾಗಿತ್ತು?"

ಬಿಚ್ಚಿದ ಪಿನ್ನು ಮತ್ತೆ ಕೆಲಸಕ್ಕೆ ಬಾರದು, ಹೊಸದೇ ಬೇಕು. ಅಣ್ಣನ ಕೈಗೆ ಸಿಕ್ಕಿರಲಾರದು, ತಂತಿ ಸುತ್ತಿ ಕಳಿಸಿದ್ದಾನೆ. ಅಂಚೆಯವನಿಗೆ ಏನೂ ಹೇಳದೆ, ಗಾಲಿ ಕೂರಿಸಿ ನಟ್ಟು ಬಿಗಿದು, ತನ್ನ ಜೇಬಿನಿಂದ ಹೊಸ ಪಿನ್ನು ತೆಗೆದು ತೂರಿಸಿ, ಕಾಲು ಮಡಚಿದ. ತಂತಿಯನ್ನು ಜೇಬಿಗೆ ಹಾಕಿಕೊಂಡ.

ಹೊರಡುವಾಗ ಅಂಚೆಯವನು ಒಂದೇ ಕೈಯಲ್ಲಿ ಪತ್ರಿಕೆಯೊಂದನ್ನು ಅವನ ಅಂಗಿಯೊಳಗೆ ತುರುಕಿದ. "ಇಳಿಯುವಾಗ ಗಾಳಿ ಎದೆ ಕೊಯ್ಯುತ್ತೆ. ಹಳೇ ಸುದ್ದಿ, ಆದ್ರೂ ಬೆಚ್ಚಗಿರುತ್ತೆ."

ಗ್ಯಾರೇಜಿನಲ್ಲಿ ಲಾರಿ ಡ್ರೈವರ್ ಇನ್ನೂ ಕೂತೇ ಇದ್ದ.

"ಬಂದ್ರಾ ಪಂಡಿತರು?" ಎಂದ ಅಣ್ಣ. "ಏನು ಸಂಶೋಧನೆ ಮಾಡಿದ್ರಿ?"

ಅವನು ತಂತಿಯನ್ನು ತೆಗೆದು ಅಣ್ಣನ ಮುಂದೆ ಇಟ್ಟ. ಅಣ್ಣನ ನಗು ಅರ್ಧದಲ್ಲೇ ನಿಂತಿತು. ಎಡಗೈ ತಂತಿಯ ಮೇಲೆ ಮುಚ್ಚಿಕೊಂಡಿತು. ಡ್ರೈವರ್ ಕತ್ತು ಉದ್ದ ಮಾಡಿದ. "ಏನದು? ತೋರ್ಸು."

ಅಣ್ಣ ಹತ್ತಿರ ಬಂದು ದನಿ ತಗ್ಗಿಸಿದ. "ಅಂಚೆಯವನಿಗೆ ಹೇಳಿದ್ಯಾ?"

ತಮ್ಮನು ಬೈಕಿನ ಕೀಲಿಯನ್ನು ಬೆಂಚಿನ ಮೇಲಿಟ್ಟ. ಮೊಳೆಯಿಂದ ಕೈಗವಸು ತೆಗೆದುಕೊಂಡ.

"ಲೋ, ನಿನ್ನನ್ನೇ ಕೇಳ್ತಿರೋದು. ಹೇಳಿದ್ಯೇನೋ?"

ಅವನು ರಸ್ತೆಗಿಳಿದ. ಹೆಜ್ಜೆ ಇಟ್ಟಾಗಲೆಲ್ಲ ಅಂಗಿಯೊಳಗೆ ಪತ್ರಿಕೆ ಸರಸರ ಎನ್ನುತ್ತಿತ್ತು.